ಕಫಯಾತೆ: ಒಂದು ದಿನದ ವ್ಯಾನೋ, ಎರಡು ರಾತ್ರಿಯ ವಾಸವೋ?

ಅರ್ಜೆಂಟೀನದ ಸಾಲ್ತಾ ನಗರದಿಂದ ಕಫಯಾತೆ ಎಂಬ ವೈನಿನ ಊರಿಗೆ ನಾನು ಒಂದೇ ವಾರದಲ್ಲಿ ಎರಡು ಸಲ ಹೋಗಿಬಂದೆ. ಮೊದಲು ಒಂದು ದಿನದ ವ್ಯಾನ್ ಪ್ರವಾಸದಲ್ಲಿ, ಆಮೇಲೆ ಎರಡು ರಾತ್ರಿ ಉಳಿಯಲೆಂದು ಸಾಮಾನ್ಯ ಬಸ್ಸಿನಲ್ಲಿ. ಮೊದಲಿನ ಹಣ ದಂಡವಾಯಿತೆಂದೇ ಎರಡನೆಯ ಟಿಕೆಟ್ ಕೊಂಡಿದ್ದರಿಂದ ನನ್ನ ಒಲವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ದಾರಿಯ ಮಟ್ಟಿಗೆ ವ್ಯಾನೇ ಮೇಲು. ಸುಮಾರು 190 ಕಿ.ಮೀ. ಪಯಣದ ಕೊನೆಯ ಭಾಗ ಕೆಬ್ರಾದಾ ದೆ ಲಾಸ್ ಕೊಂಚಾಸ್ ಎಂಬ ಕೆಂಪು ಬಂಡೆಗಳ ಕಣಿವೆಯಲ್ಲಿ ಸಾಗುತ್ತದೆ. 'ದೆವ್ವದ ಗಂಟಲು' ಎಂಬ ಸೀಳಿನಲ್ಲಿಯೂ, ದನಿ ಮಾರ್ದನಿಸುವ 'ಆಂಫಿತಿಯಾತ್ರೊ'ದಲ್ಲಿಯೂ ವ್ಯಾನ್ ನಿಂತಿತು. ಬಸ್ಸಿನಲ್ಲಿ ಅವನ್ನು ಕಿಟಕಿಯಿಂದಲೇ ನೋಡಬೇಕಾಯಿತು.

ತೊಡಕಿದ್ದದ್ದು ಊರು ತಲುಪಿದ ಮೇಲೆ. ವ್ಯಾನ್ ನಮ್ಮನ್ನು ಚೌಕದಲ್ಲಿ ಇಳಿಸಿದಾಗ ಮಧ್ಯಾಹ್ನ ಒಂದೂವರೆ, ಅಂದರೆ ಸಿಯೆಸ್ತಾದ ಹೊತ್ತು. ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡು ಊರಿಗೆ ಊರೇ ಮಲಗಿತ್ತು. ನಮಗೆ ಸಿಕ್ಕಿದ್ದು ಒಂದೂವರೆ ಗಂಟೆ. ಅದರಲ್ಲಿ ಅರ್ಧ, ಒಂದು ವೈನ್ ತಯಾರಿಕಾ ಘಟಕದಲ್ಲಿ ನಿಂತುಕೊಂಡೇ ಒಂದು ಗುಟುಕು ಕುಡಿಯುವುದಕ್ಕೆ, ಉಳಿದರ್ಧ ಮುಚ್ಚಿದ ಬಾಗಿಲುಗಳ ಮುಂದೆ ಬಿಸಿಲು ಕಾಯುವುದಕ್ಕೆ ಹೋಯಿತು. ಇದನ್ನು ಟಿಕೆಟ್ ಮಾರಿದವರು ಮೊದಲೇ ಹೇಳಬಹುದಿತ್ತು.

ಆ ಗುಟುಕೇ ನನ್ನನ್ನು ಮತ್ತೆ ಕರೆತಂದಿತು. 1840ರಲ್ಲಿ ಸ್ಥಾಪನೆಯಾದ ಈ ಊರು ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಹೆಸರಿನಲ್ಲಿ ಕಫವಿದ್ದರೂ ಇಲ್ಲಿಯ ಗಾಳಿ ಬಲು ಒಣ. ಮಳೆ ತೀರ ಕಡಿಮೆಯಾದ್ದರಿಂದ ದ್ರಾಕ್ಷಿ ಬಳ್ಳಿಗಳಿಗೆ ನೀರು ಹಾಯಿಸಲೇಬೇಕು. ಹಗಲಿನ ಕಾವು, ರಾತ್ರಿಯ ಚಳಿಗಳ ನಡುವಿನ ಅಂತರವೇ ಹಣ್ಣಿನ ಪರಿಮಳವನ್ನೂ ಹುಳಿಯನ್ನೂ ಕಾಪಾಡುತ್ತದೆ. ಇಲ್ಲಿಯ ಹೆಮ್ಮೆಯಾದ ತೊರೊಂತೇಸ್ ಎಂಬ ಬಿಳಿ ದ್ರಾಕ್ಷಿ, ಅಲೆಕ್ಸಾಂಡ್ರಿಯದ ಮಸ್ಕತ್ ತಳಿಗೂ ಸ್ಪೇನಿನವರು ತಂದ ಕ್ರಿಯೊಯಾ ಚೀಕಾ ತಳಿಗೂ ಅರ್ಜೆಂಟೀನದ ನೆಲದಲ್ಲಿಯೇ ಹುಟ್ಟಿದ ಮಿಶ್ರತಳಿ. ಅದರ ವೈನ್ ಮೂಗಿಗೆ ಮಲ್ಲಿಗೆಯಂತೆ ಸಿಹಿಯಾಗಿ ತೋರಿದರೂ ನಾಲಿಗೆಗೆ ಸಿಹಿಯಿಲ್ಲ. ಈ ಚೋದ್ಯ ಅರ್ಥವಾಗಲು ಕುಳಿತು ಕುಡಿಯಬೇಕು.

ಎರಡನೆಯ ಸಲ ಸಂಜೆ ಊರು ಎಚ್ಚರಗೊಂಡ ಮೇಲೆ ಐದು ಅಂಕಣಗಳ ಚರ್ಚನ್ನು ನೋಡಿದೆ. ವೈನಿನ ಐಸ್‌ಕ್ರೀಮ್ ಒಮ್ಮೆಗೆ ಸಾಕು. ಮರುದಿನ, ಸ್ಪೇನಿನವರನ್ನು ಸುಮಾರು 130 ವರ್ಷ ಎದುರಿಸಿ, ಸೋತ ಮೇಲೆ ಬ್ಯೂನಸ್ ಐರಿಸ್‌ವರೆಗೆ ಕಾಲ್ನಡಿಗೆಯಲ್ಲಿ ಅಟ್ಟಲ್ಪಟ್ಟ ಕಿಲ್ಮೆಸ್ ಜನರ ಪಾಳುಕೋಟೆಗೆ ಹೋಗಿಬಂದೆ. ವ್ಯಾನಿನ ಪಟ್ಟಿಯಲ್ಲಿ ಅದು ಇರಲೇ ಇಲ್ಲ.

ಹಂಚಿಕೊಂಡ ಕೋಣೆಯ ಬಾಡಿಗೆ ಸೇರಿ ಎರಡನೆಯ ಖರ್ಚು ತುಸು ಹೆಚ್ಚೇ ಆಯಿತು. ಒಂದು ಲೋಟಕ್ಕೆ ಒಂದು ಗಂಟೆ ತೆಗೆದುಕೊಳ್ಳುವ ನನಗೆ ಅದೇ ಸರಿ. ಬಂಡೆಗಳಷ್ಟೇ ಸಾಕೆನ್ನುವವರು ವ್ಯಾನಿಗೇ ಹೋಗಲಿ, ಆದರೆ ಹಣ ಕೊಡುವ ಮುನ್ನ ಊರು ತಲುಪುವುದು ಎಷ್ಟು ಗಂಟೆಗೆಂದು ಕೇಳಿಕೊಳ್ಳಲಿ.