ನೇರಳೆ ಬಾರದ ಬಣ್ಣದ ಡಬ್ಬಿ: 14 ತಿಂಗಳ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ, ಈ ವಿಮರ್ಶೆಯಲ್ಲಿ ಅರ್ಧ ಭಾಗ ಒಂದು ಕೆಂಪು ಬಿಲ್ಲೆಯ ಮೇಲಿನ ಸಿಟ್ಟು.

ಆರರಿಂದ ಎಂಟು ವರ್ಷದ ಮಕ್ಕಳಿಗೆ ಅಂತ ತಿಂಗಳಿಗೊಂದು ಬರುವ ಕಲಾ ಪೆಟ್ಟಿಗೆ ಇದು. ಒಳಗೆ ಕುಂಚ, ಕಾಗದ, ಕತ್ತರಿ, ಹೇಗೆ ಮಾಡಬೇಕೆಂದು ತೋರಿಸುವ ಕಾರ್ಡು, ಇಂಥವು ಇರುತ್ತವೆ. ಮೊದಲ ತಿಂಗಳು ಆರು ಬಿಲ್ಲೆಗಳ ಜಲವರ್ಣದ ಡಬ್ಬಿ ಕೊಡುತ್ತಾರೆ. ಮುಂದಿನ ತಿಂಗಳುಗಳ ಚಟುವಟಿಕೆಗೆಲ್ಲ ಅದೇ ಆಧಾರ. ಮಗಳಿಗೆ ಆರು ತುಂಬಿದಾಗ ಶುರು ಮಾಡಿದ್ದು, ಈಗ ಏಳು ದಾಟಿದೆ.

ಭಾನುವಾರ ಬೆಳಗ್ಗೆ ನಮ್ಮ ಬಣ್ಣದ ಹೊತ್ತು. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸುತ್ತೇನೆ. ಅವಳು ನನ್ನ ಹಳೇ ಶರ್ಟನ್ನು ಹಿಂದುಮುಂದಾಗಿ ತೊಡುತ್ತಾಳೆ, ಬೆನ್ನಿನ ಗುಂಡಿ ಹಾಕುವುದು ನನ್ನ ಕೆಲಸ. ಎರಡು ಲೋಟ ನೀರು: ಒಂದು 'ಕೊಳೆ ನೀರು', ಇನ್ನೊಂದು 'ಒಳ್ಳೆ ನೀರು'. ಕುಂಚ ಮೊದಲು ಕೊಳೆ ನೀರಿಗೆ, ಆಮೇಲೆ ಒಳ್ಳೆ ನೀರಿಗೆ. ನಾನು ಮರೆತು ತಪ್ಪು ಲೋಟಕ್ಕೆ ಅದ್ದಿದರೆ ಬೈಗುಳ ಗ್ಯಾರಂಟಿ. ಪ್ರತಿ ಬಿಲ್ಲೆಗೂ ಎರಡು ಹನಿ ನೀರು ಬಿಟ್ಟು, ಅದು ಮೆತ್ತಗಾಗುವವರೆಗೆ ಇಬ್ಬರೂ ಸುಮ್ನೆ ಕೂರುತ್ತೇವೆ. ಆ ಎರಡು ನಿಮಿಷದಲ್ಲಿ ಅವಳು ವಾರವಿಡೀ ಹೇಳದ ಕ್ಲಾಸಿನ ಸುದ್ದಿಯೆಲ್ಲ ಹೊರಗೆ ಬರುತ್ತದೆ. ಪೆಟ್ಟಿಗೆಗೆ ಕೊಟ್ಟ ದುಡ್ಡು ವಸೂಲಾಗಿದ್ದು ಚಿತ್ರಗಳಿಂದ ಅಲ್ಲ, ಈ ಎರಡು ನಿಮಿಷದಿಂದ.

ಈಗ ಸಿಟ್ಟಿನ ವಿಷಯ.

ಎರಡನೇ ತಿಂಗಳ ಚಟುವಟಿಕೆ, 'ಬಣ್ಣ ಬೆರೆಸೋಣ'. ಹಳದಿ ಮತ್ತು ನೀಲಿ ಸೇರಿದರೆ ಹಸಿರು. ಬಂತು, ಚೆನ್ನಾಗಿಯೇ ಬಂತು. ಕೆಂಪು ಮತ್ತು ಹಳದಿ ಸೇರಿದರೆ ಕಿತ್ತಳೆ. ಅದೂ ಬಂತು. ಕೆಂಪು ಮತ್ತು ನೀಲಿ ಸೇರಿದರೆ ನೇರಳೆ ಅಂತ ಕಾರ್ಡಿನಲ್ಲಿ ಚೆಂದದ ಚಿತ್ರ ಸಮೇತ ಬರೆದಿದೆ. ಬರಲಿಲ್ಲ. ಬಂದಿದ್ದು ಕಂದು. ನೀಲಿ ಜಾಸ್ತಿ ಹಾಕಿದೆವು, ಕಪ್ಪುಗಂದು. ಕೆಂಪು ಜಾಸ್ತಿ ಹಾಕಿದೆವು, ಇಟ್ಟಿಗೆ. ಮಗಳು ಮತ್ತೆ ಮತ್ತೆ ಬೆರೆಸಿದಳು. ಕೊನೆಗೆ ಕುಂಚ ಕೆಳಗಿಟ್ಟು, 'ನಂಗೆ ಬರಲ್ಲ' ಅಂದಳು. ನೋಡಿ, ಡಬ್ಬಿ ಮಾಡಿದ ತಪ್ಪನ್ನು ಮಗು ತನ್ನ ತಲೆಗೆ ಕಟ್ಟಿಕೊಂಡಿತು. ಅಲ್ಲಿಂದಲೇ ನನಗೆ ಉರಿ ಹತ್ತಿದ್ದು.

ಕಾರಣ ಗೊತ್ತಾಗಿದ್ದು ಪ್ರಿಂಟರಿಗೆ ಇಂಕ್ ತುಂಬುವಾಗ. ಅಲ್ಲಿ ಕೆಂಪು ಅಂತ ಇರುವುದೇ ಇಲ್ಲ, ಅಲ್ವಾ? ಸಯಾನ್ (ಹಸಿರು ಛಾಯೆಯ ತಿಳಿನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು, ಅಷ್ಟೇ. ಆದರೂ ಅದು ನೇರಳೆಯನ್ನು ಸಲೀಸಾಗಿ ಅಚ್ಚು ಹಾಕುತ್ತದೆ. ಮಜೆಂಟಾ ಬೆಳಕಿನ ಹಸಿರು ಭಾಗವನ್ನು ಮಾತ್ರ ನುಂಗಿ, ಕೆಂಪನ್ನೂ ನೀಲಿಯನ್ನೂ ವಾಪಸ್ ಕಳಿಸುತ್ತದೆ. ನಮ್ಮ ಡಬ್ಬಿಯ ಕೆಂಪು ಕಿತ್ತಳೆ ಕಡೆಗೆ ವಾಲಿದ ಕೆಂಪು, ಅದು ನೀಲಿ ಬೆಳಕನ್ನೂ ನುಂಗಿಬಿಡುತ್ತದೆ. ನೀಲಿ ಬೆಳಕನ್ನು ನುಂಗುವುದು ಹಳದಿ ಬಣ್ಣದ ಕೆಲಸ, ಅಂದರೆ ಹಳದಿ ಮೊದಲೇ ಬೆರೆತಿದ್ದಂತೆ. ಅದಕ್ಕೆ ನೀಲಿ ಸೇರಿಸಿದರೆ ಮೂರೂ ಬಣ್ಣ ಒಟ್ಟಿಗೆ ಕಲಸಿದ ಹಾಗೆ, ಕೆಸರೇ ಗತಿ. ಮಕ್ಕಳಿಗೆ ಬಣ್ಣ ಬೆರೆಸುವುದನ್ನು ಕಲಿಸುವ ಪೆಟ್ಟಿಗೆ ಮಾಡುವವರಿಗೆ ಇದು ಗೊತ್ತಿರಬೇಡವೇ? ಬರೆದು ಕೇಳಿದೆ. 'ಈ ವಯಸ್ಸಿನ ಮಕ್ಕಳಿಗೆ ಇಷ್ಟು ಸಾಕು' ಎಂಬ ಧಾಟಿಯ ಉತ್ತರ ಬಂತು. ಆರು ವರ್ಷದವರಿಗೆ ನೇರಳೆ ಎಷ್ಟು ಮುಖ್ಯ ಅಂತ ಅವರು ಒಬ್ಬ ಆರು ವರ್ಷದವಳನ್ನೂ ಕೇಳಿದಂತಿಲ್ಲ.

ಆ ತಿಂಗಳೇ ನಿಲ್ಲಿಸಬೇಕೆಂದಿದ್ದೆ. ವರ್ಷದ್ದು ಒಟ್ಟಿಗೆ ಕಟ್ಟಿದ್ದರಿಂದ ನಿಲ್ಲಿಸಲಿಲ್ಲ, ನಿಜ ಹೇಳಬೇಕೆಂದರೆ ಅಷ್ಟೇ.

ನಿಲ್ಲಿಸದೇ ಇದ್ದಿದ್ದು ಒಳ್ಳೆಯದಾಯಿತು. ಮೂರನೇ ಪೆಟ್ಟಿಗೆಯಲ್ಲಿ ಬಿಳಿ ಮೇಣದ ಕ್ರೆಯಾನ್ ಆಟ ಇತ್ತು. ಬಿಳಿ ಕಾಗದದ ಮೇಲೆ ಬಿಳಿ ಕ್ರೆಯಾನಿನಲ್ಲಿ ಬರೆದರೆ ಏನೂ ಕಾಣುವುದಿಲ್ಲ. ಮೇಲೆ ತೆಳು ನೀರುಬಣ್ಣ ಬಳಿದರೆ ಮೇಣ ನೀರನ್ನು ತಳ್ಳುತ್ತದೆ, ಬರೆದಿದ್ದು ಎದ್ದು ಬರುತ್ತದೆ. ಒಂದು ದಿನ ನನ್ನ ಲ್ಯಾಪ್‌ಟಾಪಿನ ಮೇಲೆ ಖಾಲಿ ಹಾಳೆ, ಪಕ್ಕದಲ್ಲಿ ಕುಂಚ. ನೀಲಿ ಬಳಿದೆ. ವಕ್ರವಕ್ರ ಅಕ್ಷರದಲ್ಲಿ ಬಂತು: 'ಅಪ್ಪ ನೇರಳೆ ಬೇಕು'. ಳ ತಿರುಗಿತ್ತು. ಅವತ್ತೇ ಮಜೆಂಟಾ ಟ್ಯೂಬ್ ಒಂದನ್ನು ಬಿಡಿಯಾಗಿ ತರಿಸಿದೆ.

ಟ್ಯೂಬ್ ಬಂದ ದಿನ ಅವಳಿಗೆ ಒಂದು ಕತೆ ಹೇಳಿದೆ. 1856ರಲ್ಲಿ ಇಂಗ್ಲೆಂಡಿನ 18 ವರ್ಷದ ರಸಾಯನಶಾಸ್ತ್ರ ವಿದ್ಯಾರ್ಥಿ ವಿಲಿಯಂ ಪರ್ಕಿನ್ ಮಲೇರಿಯಾ ಔಷಧಿ ಕ್ವಿನೈನ್ ತಯಾರಿಸಲು ಹೋಗಿ, ಪಾತ್ರೆಯ ತಳದಲ್ಲಿ ಕಪ್ಪು ಕಶ್ಮಲ ಮಾಡಿಕೊಂಡ. ತೊಳೆಯಲು ಹೋದರೆ ನೇರಳೆ ಬಣ್ಣ! 'ಹಾಗಾದ್ರೆ ನಮ್ಮ ಕೆಸರನ್ನೂ ತೊಳೆದು ನೋಡೋಣ' ಅಂದಳು. ತೊಳೆದೆವು. ಏನೂ ಸಿಗಲಿಲ್ಲ.

ಆದರೆ ಆ ಕೆಸರು ದಂಡವಾಗಲಿಲ್ಲ. ಮಾಡಿದ ಪ್ರತಿ ಬಣ್ಣವನ್ನೂ ಬೆರಳಗಲ ಬಳಿದು, ಪಕ್ಕದಲ್ಲಿ ಹೆಸರು ಬರೆಯುವ ಪುಸ್ತಕ ಅವಳೇ ಶುರು ಮಾಡಿದಳು. 'ಹಳೇ ಚಪ್ಪಲಿ', 'ಮಳೆ ನಿಂತ ರಸ್ತೆ', 'ಆನೆ ಕಿವಿ ಒಳಗಡೆ'. ಈಗ 60 ದಾಟಿದೆ. ಇದನ್ನು ಯಾವ ಕಾರ್ಡೂ ಹೇಳಿಕೊಟ್ಟಿದ್ದಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಕುಂಚ ಕಳಪೆ, ಎರಡೇ ತಿಂಗಳಲ್ಲಿ ಕೂದಲು ಉದುರಿ ಚಿತ್ರಕ್ಕೆ ಅಂಟತೊಡಗಿತು. ಕಾಗದ ತೆಳು, ಒದ್ದೆಯಾದರೆ ಹಪ್ಪಳದಂತೆ ಸುರುಳಿ. 300 ಜಿಎಸ್‌ಎಂನ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ದಪ್ಪ ಜಲವರ್ಣ ಕಾಗದ ಪ್ರತಿವಾರ ನಮ್ಮ ಕೈಗೆ ನಿಲುಕುವುದಿಲ್ಲ, 200ರದ್ದು ತರಿಸಿದೆ, ಸಾಕಾಗುತ್ತದೆ. ಕತ್ತರಿ ಚೆನ್ನಾಗಿದೆ, ಮೊಂಡು ತುದಿಯಾದರೂ ಕತ್ತರಿಸುತ್ತದೆ. ಮಾದರಿ ಚಿತ್ರದ ಕಾರ್ಡನ್ನು ಮೊದಲೇ ತೆಗೆದಿಡಿ. ಅದು ಕಣ್ಣೆದುರು ಇದ್ದರೆ ಮಕ್ಕಳು ಅದನ್ನೇ ನಕಲು ಮಾಡಲು ಹೋಗಿ, ತಮ್ಮದು ಸರಿಯಿಲ್ಲ ಅಂತ ಹಾಳೆ ಮುದುಡುತ್ತಾರೆ.

ಎಲ್ಲಕ್ಕಿಂತ ಚೆನ್ನಾಗಿದ್ದು ಒಂಬತ್ತನೇ ತಿಂಗಳದ್ದು: ಮೊದಲು ಹಾಳೆಗಳಿಗೆ ಪೂರ್ತಿ ಬಣ್ಣ ಬಳಿದು ಒಣಗಿಸಿ, ಆಮೇಲೆ ಕತ್ತರಿಸಿ ಅಂಟಿಸುವುದು. ಫ್ರಾನ್ಸಿನ ಚಿತ್ರಕಾರ ಆನ್ರಿ ಮಾತಿಸ್ 1941ರ ದೊಡ್ಡ ಆಪರೇಷನ್ ನಂತರ, ಹೆಚ್ಚು ಹೊತ್ತು ನಿಂತು ಚಿತ್ರ ಬರೆಯುವುದು ಕಷ್ಟವಾದಾಗ, ಕತ್ತರಿ ಹಿಡಿದಿದ್ದು ಹೀಗೆಯೇ. ಪೆನ್ಸಿಲ್ ಗೆರೆ ಇಲ್ಲದೆ ನೇರ ಕತ್ತರಿಸುವುದು ಮಗಳಿಗೆ ಹುಚ್ಚು ಹಿಡಿಸಿತು. ಕತ್ತರಿಸಿ ಉಳಿದ ಚೂರುಗಳೇ ಅವಳಿಗೆ ಜಾಸ್ತಿ ಇಷ್ಟ. ಅವುಗಳಿಂದ ಮಾಡಿದ ಮೀನು ಈಗಲೂ ಫ್ರಿಜ್ಜಿನ ಬಾಗಿಲ ಮೇಲಿದೆ, ಒಂದು ರೆಕ್ಕೆ ಉದುರಿದೆ.

ಐದಕ್ಕೆ ಮೂರೂವರೆ ನಕ್ಷತ್ರ. ಒಂದು ಪೂರ್ತಿ ನಕ್ಷತ್ರ ಕಳೆದಿದ್ದು ಕೆಂಪಿಗೇ, ಅರ್ಧ ಕುಂಚಕ್ಕೆ. ಮುಂದಿನ ವರ್ಷ ತಿಂಗಳ ಪೆಟ್ಟಿಗೆ ಬೇಡ, ಮೂರು ತಿಂಗಳಿಗೊಮ್ಮೆ ಬರುವ ಪ್ಲಾನ್ ತಗೊಂಡಿದ್ದೇವೆ. ಉಳಿದ ದುಡ್ಡು ಕಾಗದಕ್ಕೆ ಮತ್ತು ಎರಡನೇ ಮಜೆಂಟಾ ಟ್ಯೂಬಿಗೆ. ಮೊದಲನೆಯದನ್ನು ಅವಳು ಬಾಲದಿಂದ ಸುತ್ತಿಕೊಂಡು ಬಂದು ಮುಚ್ಚಳದ ಹತ್ತಿರ ತಲುಪಿದ್ದಾಳೆ. ಡಬ್ಬಿಯಲ್ಲಿ ಹಳದಿ ಬಿಲ್ಲೆಯ ನಡುವೆ ತಳ ಕಾಣುವಷ್ಟು ಗುಂಡಿ ಬಿದ್ದಿದೆ, ಕೆಂಪು ಮಾತ್ರ ಹೆಚ್ಚುಕಡಿಮೆ ಹೊಸದರಂತೆಯೇ ಇದೆ.