ಪೆನ್ಸಿಲ್ ಶೆಲ್ಲು: 2000ವೋ, 2700ವೋ, ಲಿಥಿಯಮ್ಮೋ?

ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಲೈನಿನ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟು ಬರದಿರುವುದು ಹೊಸದೇನಲ್ಲ. ಆಗ ಟಾರ್ಚು, ರೇಡಿಯೊ, ಬಿಪಿ ಮೆಷಿನ್ನು ಎಲ್ಲಕ್ಕೂ ಎಎ ಅಳತೆಯ ಪೆನ್ಸಿಲ್ ಶೆಲ್ಲೇ ಗತಿ. ಚಾರ್ಜ್ ಮಾಡುವ ಮೂರು ಬಗೆಯ ಶೆಲ್ಲನ್ನು ಇಲ್ಲಿ ನೋಡಿದ್ದು ಎರಡೇ ಕಾರಣಕ್ಕೆ. ಡ್ರಾಯರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಕೈಕೊಡಬಾರದು. ಕರೆಂಟು ಎರಡು-ಎರಡೂವರೆ ಗಂಟೆ ಬಂದು ಹೋದರೂ ಅಷ್ಟರಲ್ಲಿ ತುಂಬಿಕೊಳ್ಳಬೇಕು.

ಎಂಎಎಚ್ ಎಂದರೆ ಶೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಲೆಕ್ಕ. 2500ರಿಂದ 2700 ಎಂಎಎಚ್‌ನ ನಿಕಲ್ ಮೆಟಲ್ ಹೈಡ್ರೈಡ್ ಶೆಲ್ಲು ಚಾರ್ಜರಿನಿಂದ ತೆಗೆದ ದಿನ ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿಯುತ್ತದೆ. ಆದರೆ ಹಳೆಯ ಬಗೆಯದಾದರೆ ಸುಮ್ಮನೆ ಇಟ್ಟಲ್ಲೇ ತಿಂಗಳಿಗೆ ಕಾಲು ಭಾಗದಷ್ಟು ಚಾರ್ಜ್ ಸೋರಿಹೋಗುತ್ತದೆ. ಮೇ ತಿಂಗಳಲ್ಲಿ ತುಂಬಿಸಿಟ್ಟದ್ದು ಜುಲೈಗೆ ಅರ್ಧವೂ ಇರುವುದು ಕಷ್ಟ. ಇನ್ನು 4000 ಎಂದು ಅಚ್ಚು ಹಾಕಿದ್ದು ಕಂಡರೆ ಮುಟ್ಟಲೇಬೇಡಿ. ಈ ಅಳತೆಯ ಡಬ್ಬಿಯಲ್ಲಿ ಅಷ್ಟು ಹಿಡಿಸುವುದಿಲ್ಲ. ಚಿನ್ನದಂಗಡಿ ತಕ್ಕಡಿಯಲ್ಲಿ ಇಟ್ಟರೆ ಒಳ್ಳೆಯ 2000ದ ಶೆಲ್ಲು 26 ಗ್ರಾಂ ಆಸುಪಾಸು ತೂಗುತ್ತದೆ. ನಕಲಿಯದು ಕೈಗೇ ಹಗುರ ಎನಿಸುತ್ತದೆ.

2000 ಎಂಎಎಚ್‌ನ, ಕಡಿಮೆ ಸೋರುವ ನಿಕಲ್ ಶೆಲ್ಲು ಕಾಗದದ ಮೇಲೆ ಸಣ್ಣದು. ಆದರೆ ವರ್ಷ ಬಿಟ್ಟು ತೆಗೆದರೂ ಮುಕ್ಕಾಲಿಗೆ ಕಡಿಮೆಯಿಲ್ಲದಷ್ಟು ಉಳಿದಿರುತ್ತದೆ. ಪ್ರತಿ ಶೆಲ್ಲಿಗೂ ಬೇರೆ ದೀಪವಿರುವ ಚಾರ್ಜರಿನಲ್ಲಿ 1000 ಮಿಲಿಆಂಪ್‌ಗೆ ಇಟ್ಟರೆ ಎರಡೂಕಾಲು ಗಂಟೆ ಸಾಕು. ಜೋಡಿಜೋಡಿಯಾಗಿ ಮಾತ್ರ ಹಾಕುವ ಅಗ್ಗದ ಚಾರ್ಜರಾದರೆ 200 ಮಿಲಿಆಂಪ್‌ಗೆ 14 ಗಂಟೆ ಬೇಕು, ಮಳೆಗಾಲದಲ್ಲಿ ಅಷ್ಟು ಕರೆಂಟು ಯಾರು ಕೊಡುತ್ತಾರೆ? ನಿಕಲ್ ಶೆಲ್ಲಿನ 1.2 ವೋಲ್ಟ್, ಮಾಮೂಲಿ ಶೆಲ್ಲಿನ 1.5ರ ಮುಂದೆ ಸಾಲುವುದಿಲ್ಲ ಎಂಬ ದೂರು ಹೆಚ್ಚಾಗಿ ಹುಸಿ. ಮಾಮೂಲಿ ಆಲ್ಕಲೈನ್ ಶೆಲ್ಲೂ ಅರ್ಧ ಆಯಸ್ಸು 1.3ಕ್ಕಿಂತ ಕೆಳಗೇ ಕಳೆಯುತ್ತದೆ.

ದೂರು ನಿಜವಾಗುವುದು ಬಿಪಿ ಮೆಷಿನ್ನಿನಲ್ಲಿ. ಶೆಲ್ಲು ತುಂಬಿದ್ದರೂ ಕೆಲವು ಮೆಷಿನ್ನು 'ಬ್ಯಾಟರಿ ಖಾಲಿ' ಎಂದು ತೋರಿಸುತ್ತವೆ. ಅಲ್ಲಿಗೆ 1.5 ವೋಲ್ಟಿನ ಲಿಥಿಯಂ ಸರಿ. ಇದರ ಒಳಗೆ 3.7 ವೋಲ್ಟಿನ ಶೆಲ್ಲೂ ಅದನ್ನು 1.5ಕ್ಕೆ ಇಳಿಸುವ ಪುಟ್ಟ ಸರ್ಕ್ಯೂಟೂ ಇರುತ್ತವೆ. ಟೈಪ್-ಸಿ ತೂತಿದ್ದರೆ ಪವರ್ ಬ್ಯಾಂಕಿನಿಂದಲೇ ತುಂಬಿಸಬಹುದು. ಮೇಲೆ ದೊಡ್ಡದಾಗಿ 3000 ಎಂದಿರುತ್ತದೆ, ಪಕ್ಕದ ಸಣ್ಣ ಅಕ್ಷರ ಓದಿ: ಅದು ಎಂಎಎಚ್ ಅಲ್ಲ, ಎಂಡಬ್ಲ್ಯುಎಚ್, ಅಂದರೆ ವೋಲ್ಟೂ ಸೇರಿದ ಲೆಕ್ಕ. 1.5ರಿಂದ ಭಾಗಿಸಿದರೆ ಸಿಗುವುದು ಅದೇ 2000 ಎಂಎಎಚ್! ರೇಡಿಯೊಗೆ ಹಾಕಿದರೆ ಆ ಸರ್ಕ್ಯೂಟಿನಿಂದ ಮೀಡಿಯಂ ವೇವ್‌ನಲ್ಲಿ ಕೀ ಎಂಬ ಸದ್ದು ಬರಬಹುದು, ಎಫ್‌ಎಂನಲ್ಲಿ ಅಷ್ಟಾಗಿ ಗೊತ್ತಾಗದು. ಟಾರ್ಚಿನಲ್ಲಿ ಇನ್ನೊಂದು ಪೀಕಲಾಟ: ಬೆಳಕು ಮಂಕಾಗಿ ಮುನ್ಸೂಚನೆ ಕೊಡದೆ, ತೋಟದ ಮಧ್ಯೆ ಪಕ್ಕನೆ ಆರಿಬಿಡಬಹುದು. ಇದನ್ನು ನಿಕಲ್ ಶೆಲ್ಲಿನ ಚಾರ್ಜರಿಗಂತೂ ಹಾಕಲೇಕೂಡದು.

ಟಾರ್ಚು, ರೇಡಿಯೊಗೆ 2000, ಬಿಪಿ ಮೆಷಿನ್ನಿಗೆ ಮಾತ್ರ ಲಿಥಿಯಂ. ನಮ್ಮ ಆಯ್ಕೆ ಇಷ್ಟೇ. 2700ರದು ದಿನಾ ಚಾರ್ಜ್ ಮಾಡಿ ದಿನಾ ಬಳಸುವವರಿಗೆ.

ನಿಕಲ್ ಶೆಲ್ಲು ಹಳತಾಯಿತೇ ಎಂದು ನೋಡಲು ಬರೀ ಮಲ್ಟಿಮೀಟರ್ ಹಿಡಿದರೆ ಮೋಸ ಹೋಗುತ್ತೀರಿ, ಸತ್ತ ಶೆಲ್ಲೂ 1.3 ತೋರಿಸುತ್ತದೆ. 2.2 ಓಮ್, 2 ವಾಟಿನ ರೆಸಿಸ್ಟರನ್ನು ಎರಡು ತುದಿಗೆ ಒತ್ತಿ ಹಿಡಿದು ಹತ್ತು ಸೆಕೆಂಡು ಬಿಟ್ಟು ಓದಿ. ತುಂಬಿಸಿದ ಶೆಲ್ಲು 1.2ರ ಹತ್ತಿರ ನಿಂತರೆ ಗಟ್ಟಿ, 1.0ಕ್ಕಿಂತ ಕೆಳಗೆ ಜಾರಿದರೆ ಟಾರ್ಚಿಗೆ ನಾಲಾಯಕ್ಕು. ಅಂಥದ್ದನ್ನು ಒಳ್ಳೆಯ ಮೂರರ ಜೊತೆ ಸೇರಿಸಿದರೆ, ಮೊದಲು ಖಾಲಿಯಾದ ಅದರೊಳಗೆ ಉಳಿದವು ಉಲ್ಟಾ ಕರೆಂಟು ನೂಕಿ ಪೂರ್ತಿ ಕೆಡಿಸುತ್ತವೆ. ಅದಕ್ಕೇ ಕೊಂಡ ದಿನವೇ ಮಾರ್ಕರಿನಲ್ಲಿ ಒಂದು ಸೆಟ್ಟಿಗೆ 'ಅ', ಇನ್ನೊಂದಕ್ಕೆ 'ಇ' ಎಂದು ಬರೆದು, ಬೆರೆಯದಂತೆ ಇಡಿ. ಒಂದು ಸೋತರೆ ಅದನ್ನು ಗೋಡೆ ಗಡಿಯಾರಕ್ಕೆ ಇಳಿಸಿ, ಅಲ್ಲಿ ಇನ್ನೂ ಎಷ್ಟೋ ದಿನ ನಡೆಯುತ್ತದೆ.