ಕ್ಯಾಂಪಸ್ ಕಸದ ಲೆಕ್ಕ: ಡಬ್ಬಿ ಎಣಿಸಬೇಕೋ, ತೂಗಬೇಕೋ, ಸೆನ್ಸರ್ ಕೂರಿಸಬೇಕೋ?

ಒಂದು ಕಟ್ಟಡದಿಂದ ದಿನಕ್ಕೆ ಎಷ್ಟು ಕಸ ಹೊರಗೆ ಹೋಗುತ್ತದೆ? ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ವರ್ಷ ಈ ಪ್ರಶ್ನೆ ಎಲ್ಲ ಕಡೆ ಏಳುತ್ತದೆ. ಅವರಿಗೆ ತ್ಯಾಜ್ಯ ನಿರ್ವಹಣೆಯ ವಿವರ ಕೊಡಲೇಬೇಕಲ್ಲ. ಅಂದಾಜಿಗೆ ಒಂದು ಅಂಕಿ ಬರೆದರೆ ಫೈಲು ತುಂಬುತ್ತದೆ, ನಿಜ. ಆದರೆ ಕಾಂಪೋಸ್ಟ್ ತೊಟ್ಟಿ ಎಷ್ಟು ದೊಡ್ಡದಿರಬೇಕು, ಒಣಕಸಕ್ಕೆ ಎಷ್ಟು ಜಾಗ ಬೇಕು ಎಂಬುದಕ್ಕೆ ಆ ಅಂಕಿಯಿಂದ ಉತ್ತರ ಸಿಗದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕೆಜಿ ಮೀರಿ ಕಸ ಹಾಕುವ ಸಂಸ್ಥೆಯನ್ನು ಬೃಹತ್ ತ್ಯಾಜ್ಯ ಉತ್ಪಾದಕ ಎಂದು ಗುರುತಿಸಿದ್ದವು. ಆ ಗೆರೆಯ ಯಾವ ಕಡೆ ಇದ್ದೇವೆ ಎಂದು ತಿಳಿಯಲಿಕ್ಕಾದರೂ ಅಳೆಯಬೇಕು. ದಾವಣಗೆರೆಯ ನಮ್ಮ ಕ್ಯಾಂಪಸ್ಸಿನಲ್ಲಿ ಮೂರಂತಸ್ತಿನ ಒಂದು ಕಟ್ಟಡ ಹಿಡಿದು, ಬೇರೆ ಬೇರೆ ರೀತಿಯಲ್ಲಿ ಅಳೆದು ನೋಡಿದೆವು. ಕೆಳಗೆ ಕ್ಯಾಂಟೀನು, ಮೇಲೆ ತರಗತಿಗಳು, ಲ್ಯಾಬು, ಒಂದು ಸೆಮಿನಾರ್ ಹಾಲು.

ಖರ್ಚಿಲ್ಲದ ದಾರಿ ಡಬ್ಬಿ ಎಣಿಸುವುದು. ಸಂಜೆ ಯಾವ ಡಬ್ಬಿ ಎಷ್ಟು ತುಂಬಿದೆ, ಕಾಲೋ ಅರ್ಧವೋ ಮುಕ್ಕಾಲೋ ಎಂದು ಗುರುತು ಹಾಕಿಕೊಂಡು ಲೀಟರಿನಲ್ಲಿ ಲೆಕ್ಕ ತೆಗೆಯಬೇಕು. ಒಂದೇ ಬಗೆಯ ಕಸ ಬೀಳುವ ಕಡೆ, ಅಂದರೆ ಕಚೇರಿಯ ಕಾಗದದ ಡಬ್ಬಿಗೆ, ಇದು ಚೆನ್ನಾಗಿ ಹೊಂದುತ್ತದೆ. ಕ್ಯಾಂಟೀನು, ಸೆಮಿನಾರ್ ಹಾಲಿನ ಕಡೆ ಹೋದರೆ ಲೆಕ್ಕ ದಾರಿ ತಪ್ಪುತ್ತದೆ. ಚನ್ನಗಿರಿಯ ಕಡೆ ಅಡಿಕೆ ತೋಟ ಹೇರಳ. ನಮ್ಮಲ್ಲಿ ಕಾರ್ಯಕ್ರಮ ಎಂದರೆ ಊಟಕ್ಕೆ ಹಾಳೆ ತಟ್ಟೆಯೇ. ಒಂದರೊಳಗೊಂದು ಕೂರದೆ ಅಡ್ಡಾದಿಡ್ಡಿ ಬಿದ್ದ ತಟ್ಟೆಗಳು 60 ಲೀಟರಿನ ಡಬ್ಬಿಯನ್ನು ಬೇಗ ತುಂಬಿಬಿಡುತ್ತವೆ, ತೂಗಿದರೆ ನಾಲ್ಕೈದು ಕೆಜಿ. ಅದೇ ಡಬ್ಬಿಗೆ ಉಳಿದ ಅನ್ನ ಸಾರು, ತರಕಾರಿ ಸಿಪ್ಪೆ ತುಂಬಿದರೆ 20 ಕೆಜಿ ದಾಟುತ್ತದೆ. ‘ಡಬ್ಬಿ ತುಂಬಿತ್ತು’ ಎಂದಷ್ಟೇ ಬರೆದರೆ ಎರಡೂ ಒಂದೇ.

ತೂಕಕ್ಕೆ ಎರಡು ಸಾಧನ ನೋಡಿದೆವು. ಗುಜರಿಯವರು ಬಳಸುವ ಡಿಜಿಟಲ್ ಕೊಕ್ಕೆ ತಕ್ಕಡಿ ಅಗ್ಗ, ಮೇಲಿನ ಮಹಡಿಗೂ ಒಯ್ಯಬಹುದು. ಒಣಕಸದ ಚೀಲಕ್ಕೆ ಅದು ಸಾಕು. ಹಸಿಕಸದ ಡಬ್ಬಿಯನ್ನು ಮಾತ್ರ ಕೈಯಲ್ಲಿ ಎತ್ತಿ ಹಿಡಿದು ಅಂಕಿ ನಿಲ್ಲುವವರೆಗೆ ಕಾಯಬೇಕು. ಸ್ವಚ್ಛತೆಯ ಕೆಲಸ ಮಾಡುವ ಹೆಣ್ಣುಮಕ್ಕಳ ಸೊಂಟದ ಮೇಲೆ ದಿನವೂ ಈ ಭಾರ ಹೇರುವುದು ಸರಿಯಲ್ಲ. ನನ್ನ ಮಟ್ಟಿಗೆ ಕೊಕ್ಕೆ ತಕ್ಕಡಿಯನ್ನು ಪಕ್ಕಕ್ಕಿಡಲು ಈ ಕಾರಣವೊಂದೇ ಸಾಕಾಯಿತು.

ಎಪಿಎಂಸಿಯ ಮೆಕ್ಕೆಜೋಳದ ಅಡತಿ ಅಂಗಡಿಗಳಲ್ಲಿರುವ ಪ್ಲಾಟ್‌ಫಾರ್ಮ್ ತಕ್ಕಡಿಯ ಸಣ್ಣ ಮಾದರಿಯೇ ನಮಗೆ ಒಗ್ಗಿದ್ದು. 100 ಕೆಜಿವರೆಗೆ ತೂಗುವಂಥದ್ದು ಸಾಕು, ಗ್ರಾಂ ಲೆಕ್ಕದ ಸೂಕ್ಷ್ಮ ಬೇಡ. ನೆಲಮಟ್ಟಕ್ಕೆ ಹತ್ತಿರ ಇರಬೇಕು, ಡಬ್ಬಿಯನ್ನು ಜರುಗಿಸಿ ಮೇಲೇರಿಸುವಂತಿರಬೇಕು. ಖಾಲಿ ಡಬ್ಬಿಯ ತೂಕವನ್ನು ಬಣ್ಣದಲ್ಲಿ ಡಬ್ಬಿಯ ಮೇಲೇ ಬರೆಸಿಬಿಡಿ, ಕಳೆಯುವ ಲೆಕ್ಕದಲ್ಲಿ ಗೊಂದಲವಾಗದು. ತಕ್ಕಡಿ ಸರಿ ತೋರಿಸುತ್ತಿದೆಯೇ ಎಂದು ನೋಡಲು ಕಚೇರಿಯಲ್ಲಿರುವ ಎ4 ಕಾಗದವೇ ಸಾಕು. 75 ಜಿಎಸ್‌ಎಂನ (ಚದರ ಮೀಟರಿಗೆ 75 ಗ್ರಾಂ ತೂಗುವ) 500 ಹಾಳೆಯ ರೀಮು ಸುಮಾರು 2.34 ಕೆಜಿ, ಹತ್ತು ರೀಮು 23.4 ಕೆಜಿಯ ಆಸುಪಾಸು. ಇನ್ನು ತಕ್ಕಡಿ ಇಡುವ ಜಾಗ. ಕಸ ಹೊರಹೋಗುವ ಬಾಗಿಲ ಬಳಿ, ಮಳೆ ತಾಗದ ಕಡೆ ಇರಬೇಕು. ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಿದರೆ ಯಾರೂ ತೂಗುವುದಿಲ್ಲ. ಡಬ್ಬಿಗೂ ಮುಚ್ಚಳ ಬೇಕು, ಇಲ್ಲದಿದ್ದರೆ ಜೂನ್ ನಂತರ ನೀವು ಮಳೆನೀರನ್ನು ತೂಗುತ್ತಿರುತ್ತೀರಿ.

ಎಂಜಿನಿಯರಿಂಗ್ ಹುಡುಗರಿಗೆ ಸೆನ್ಸರ್ ಮೇಲೆ ಆಸೆ. ಮುಚ್ಚಳದ ಒಳಗೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಸೆನ್ಸರ್ ಕೂರಿಸಿ, ವೈಫೈ ಬೋರ್ಡಿನಿಂದ ಮೊಬೈಲಿಗೆ ಮಾಹಿತಿ ಕಳಿಸುವ ವ್ಯವಸ್ಥೆ. ಶಬ್ದ ಹೋಗಿ ಮರಳುವ ಸಮಯದಿಂದ ಅದು ದೂರ ಅಳೆಯುತ್ತದೆ. ಇಲ್ಲಿನ ಏಪ್ರಿಲ್ ಬಿಸಿಲಿಗೆ ತಪ್ಪು ತೋರಿಸೀತು ಎಂದು ಕೆಲವರು ಅಂದರು. ಗಾಳಿ 20 ಡಿಗ್ರಿಯಿಂದ 38ಕ್ಕೆ ಏರಿದರೆ ಶಬ್ದದ ವೇಗ ಶೇ. 3ರಷ್ಟು ಹೆಚ್ಚುತ್ತದೆ, ಅರ್ಧ ಮೀಟರಿಗೆ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ. ಅದು ದೊಡ್ಡ ತೊಡಕಲ್ಲ. ತೊಡಕಿರುವುದು ಕಸದ ಮೇಲ್ಮೈಯಲ್ಲಿ. ಇಳಿಜಾರಾಗಿ ಬಿದ್ದ ರಟ್ಟು ಶಬ್ದವನ್ನು ಪಕ್ಕಕ್ಕೆ ಹಾರಿಸುತ್ತದೆ, ಒಂದು ಖಾಲಿ ಪ್ಲಾಸ್ಟಿಕ್ ಕವರು ಮೇಲೆ ಉಬ್ಬಿ ನಿಂತರೆ ಡಬ್ಬಿ ತುಂಬಿದೆ ಎನ್ನುತ್ತದೆ. ದೂರದ ಡಬ್ಬಿಯನ್ನು ಯಾವಾಗ ಖಾಲಿ ಮಾಡಬೇಕು ಎಂದು ತಿಳಿಯಲು ಸೆನ್ಸರ್ ಒಳ್ಳೆಯದೇ. ಎಷ್ಟು ಕಸ ಎಂಬುದಕ್ಕೆ ಅದರಿಂದ ಉತ್ತರ ಬಾರದು, ಅದೂ ಕೊನೆಗೆ ಡಬ್ಬಿ ಎಣಿಸುವ ಕೆಲಸವೇ.

ತೂಕವೂ ಹೇಳದ ಸಂಗತಿ, ಕಸದೊಳಗೆ ಏನಿದೆ ಎಂಬುದು. ಅದಕ್ಕೆ ಟಾರ್ಪಾಲಿನ ಮೇಲೆ ಸುರಿದು ಬಿಡಿಸಿಯೇ ನೋಡಬೇಕು. ರಾಶಿಯನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು, ಕೈಗೆ ಸಿಗುವಷ್ಟಾಗುವ ತನಕ ಹಾಗೇ ಇಳಿಸುತ್ತಾ ಹೋಗುವುದು. ಗ್ಲೌಸು, ಮಾಸ್ಕು ಕಡ್ಡಾಯ. ಶ್ರಮದ ಕೆಲಸ, ವಾಸನೆಯೂ ಉಂಟು, ಆದರೆ ಇದರಷ್ಟು ಕಲಿಸಿದ್ದು ಬೇರೆ ಯಾವುದೂ ಇಲ್ಲ. ಒಣಕಸದ ಡಬ್ಬಿಯಲ್ಲಿ ಟೀ ಉಳಿದ ಪೇಪರ್ ಕಪ್ಪುಗಳು ಸುತ್ತಲಿನ ಒಳ್ಳೆಯ ಕಾಗದವನ್ನೂ ನೆನೆಸಿ ಹಾಳು ಮಾಡಿದ್ದವು. ಆ ಕಪ್ಪುಗಳ ಒಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಅವು ಕಾಂಪೋಸ್ಟಿಗೂ ಬೇಡ, ರದ್ದಿಗೂ ಬೇಡ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿ ತಂದ ಎಣ್ಣೆ ಪೇಪರನ್ನೂ ರದ್ದಿಯವರು ಮುಟ್ಟುವುದಿಲ್ಲ. ಕ್ಯಾಂಟೀನಿಗೆ ಸ್ಟೀಲ್ ಲೋಟ ತರಿಸಿ ಎಂದು ಕೇಳುವ ಧೈರ್ಯ ನಮಗೆ ಬಂದದ್ದು ಈ ರಾಶಿ ನೋಡಿದ ಮೇಲೆ. ಪಾಠ ನಡೆಯುವಾಗ ಒಮ್ಮೆ, ಪರೀಕ್ಷೆ ಮುಗಿದು ಜೆರಾಕ್ಸ್ ನೋಟ್ಸು, ಲ್ಯಾಬ್ ರೆಕಾರ್ಡು ಹೊರಬೀಳುವಾಗ ಇನ್ನೊಮ್ಮೆ ಮಾಡಿದರೆ ಚಿತ್ರ ಪೂರ್ತಿಯಾಗುತ್ತದೆ.

ಹಾಗಾಗಿ ನನ್ನ ಆಯ್ಕೆ: ದಿನವೂ ಪ್ಲಾಟ್‌ಫಾರ್ಮ್ ತಕ್ಕಡಿ, ಸೆಮಿಸ್ಟರಿಗೆ ಎರಡು ಸಲ ಬಿಡಿಸಿ ನೋಡುವುದು. ಬರೆಯುವುದು ಎಲ್ಲಿ? ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಗೂಗಲ್ ಫಾರ್ಮ್ ತುಂಬುವುದನ್ನೂ ನೋಡಿದೆವು. ಕಸ ಮುಟ್ಟಿದ ಕೈಯಲ್ಲಿ ಮೊಬೈಲ್ ಹಿಡಿ ಎಂದರೆ ಯಾರು ಹಿಡಿಯುತ್ತಾರೆ? ‘ತೂಕ ಹಾಕಾದೇನ್ ದೊಡ್ಡದಲ್ ಬಿಡ್ರಿ ಸರ್, ಬರಿಯೋರು ಯಾರು?’ ಎಂದು ಸ್ವಚ್ಛತೆಯ ಕೆಲಸದ ಅಕ್ಕ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ತಕ್ಕಡಿಯ ಪಕ್ಕ ಗೋಡೆಗೆ ದಾರ ಕಟ್ಟಿ ತೂಗುಹಾಕಿದ ನೋಟುಬುಕ್ಕು, ಪಾಳಿಯ ಮೇಲೆ ಬರೆಯುವ ವಿದ್ಯಾರ್ಥಿಗಳು, ವಾರಕ್ಕೊಮ್ಮೆ ಎಕ್ಸೆಲ್ಲಿಗೆ ಏರಿಸುವ ಒಬ್ಬರು: ಕೊನೆಗೆ ಉಳಿದುಕೊಂಡದ್ದು ಈ ಪದ್ಧತಿಯೇ.

ಪುಸ್ತಕದಲ್ಲಿ ಇನ್ನೆರಡು ಕಾಲಂ ಮರೆಯಬೇಡಿ. ಹಳೇ ಪತ್ರಿಕೆ, ರಟ್ಟಿನ ಪೆಟ್ಟಿಗೆ ಡಬ್ಬಿಗೆ ಬೀಳದೆ ನೇರ ಗುಜರಿಗೆ ಹೋಗುತ್ತವೆ. ಅವರು ಕೊಡುವ ಚೀಟಿಯಲ್ಲಿ ತೂಕ ಇದ್ದೇ ಇರುತ್ತದೆ, ಅದನ್ನು ಸೇರಿಸಿ. ಜೊತೆಗೆ ಆ ದಿನದ ಹಾಜರಾತಿ. ದಾಖಲಾದವರ ಸಂಖ್ಯೆಯಿಂದ ಭಾಗಿಸಿದರೆ ತಲಾ ಕಸ ಕಡಿಮೆಯಾಗಿ ಕಾಣುತ್ತದೆ. ನಿಜವಾಗಿ ಬಂದವರ ಸಂಖ್ಯೆಯಿಂದಲೇ ಭಾಗಿಸಿ.